ಹರಿಯಬೇಕಾದ ಸರಪಳಿ

ಕಳೆದ ವಾರ ಅಂಗಡಿಯಲ್ಲಿ ಹೊಸ ಸರಪಳಿಗಳ ಚೀಲ ಬಿಚ್ಚುತ್ತಿದ್ದೆ. ಒಳಗಿಂದ ಆ ವಾಸನೆ ಬಂತು. ಕರಿ ಎಣ್ಣೆ, ಗೋಣಿತಟ್ಟು, ಅದರ ಕೆಳಗೆಲ್ಲೋ ಹಸಿ ಕಬ್ಬಿಣ. ದಿನವೂ ಮೂಗಿಗೆ ಬಡಿಯುವ ವಾಸನೆಯೇ, ವಿಶೇಷವೇನಿಲ್ಲ. ಆದರೆ ಅದೇ ಹೊತ್ತಿಗೆ ಕುಂಭಾರಿ ಕಡೆಯ ಒಬ್ಬ ತರುಣ ಬಂದು ಗಲ್ಲಾದ ಮುಂದೆ ನಿಂತ.

"ಕಾಕಾ, ಸರಪಳಿ ಬೇಕಾಗಿತ್ತರಿ. ಆದರ ಹರಿಯುವಂಥಾದ್ದು ಕೊಡ್ರಿ."

ಸೋಲಾಪುರದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟವನ ಮುಂದೆ ಗಿರಾಕಿಗಳು ಆಡುವ ಮಾತು ಒಂದೇ: ಹರಿಯಬಾರದು, ಸವೆಯಬಾರದು, ಮೊಮ್ಮಗನ ಕಾಲದವರೆಗೂ ಬರಬೇಕು. ಹರಿಯುವಂಥದ್ದು ಬೇಕೆಂದರೆ ಅದು ಮೈಲಾರನ ಪವಾಡಕ್ಕೇ ಇರಬೇಕು. ಕೇಳಿದೆ, ಹೌದೆಂದ. ನಮ್ಮಲ್ಲಿರುವುದೆಲ್ಲ ಹಟಮಾರಿ ಮಾಲು, ಹಳೇ ಪೇಟೆಯಲ್ಲಿ ಕೈಯಿಂದ ಬಡಿದು ಮಾಡುವ ಕಮ್ಮಾರನಿದ್ದಾನೆ, ಅಲ್ಲಿ ಹೋಗು ಎಂದು ಕಳಿಸಿದೆ. ಅವನು ಹೋದ. ನಾನು ಚೀಲದ ಬಾಯಿ ಹಿಡಿದುಕೊಂಡು ನಿಂತೇ ಇದ್ದೆ. ಮಾಡಿಯ ಮಾಸ್ತರರು ನೆನಪಾಗಿದ್ದರು...

ನಮ್ಮ ಮನೆ ಇರುವುದು ಅಂಗಡಿಯ ಹಿಂದೆ. ಎರಡರ ಮೇಲೂ ಸೇರಿ ಒಂದು ಮಾಡಿ. ನನಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಆಗಿದ್ದಾಗ ಆ ಮಾಡಿಯ ಕೋಣೆಗಳಲ್ಲಿ ಅವರು ಬಾಡಿಗೆಗಿದ್ದರು. ಅಕ್ಕಲಕೋಟೆಯ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಬೆಳಿಗ್ಗೆ ಎಸ್.ಟಿ. ಬಸ್ಸು ಹಿಡಿದು ಹೋದವರು ಸಂಜೆ ಮರಳಿ ಬಂದು, ಚಹಾ ಕುಡಿದು, ಓಣಿಯ ಮಕ್ಕಳಿಗೆ ಮಾಡಿಯ ಮೇಲೆ ಪಾಠ ಹೇಳುತ್ತಿದ್ದರು. ತೆಳ್ಳಗಿನ ಆಳು. ಗಾಳಿ ಜೋರಾಗಿ ಬೀಸಿದ ದಿನ ಇವರು ಬಸ್ ಸ್ಟ್ಯಾಂಡ್ ಮುಟ್ಟುತ್ತಾರೋ ಇಲ್ಲವೋ ಎಂದು ನಾನು ಚಿಂತೆ ಮಾಡಿದ್ದುಂಟು. ಚಿಂತೆ ಮಾಡುವುದು ಆಗಲೂ ನನ್ನ ಮುಖ್ಯ ಉದ್ಯೋಗ, ಅಂಗಡಿ ಕಸುಬು ಆಮೇಲಿನದು.

ನಾನು ಭೌತಶಾಸ್ತ್ರದಲ್ಲಿ ನಪಾಸಾಗಿ, "ಇಂವ ಓದಿ ಉದ್ಧಾರ ಆಗಿದ್ದು ಸಾಕು" ಎಂದು ಅಪ್ಪ ನನ್ನನ್ನು ಅಂಗಡಿಗೆ ಕೂಡಿಸಿದ್ದ ಕಾಲ ಅದು. ಪರೀಕ್ಷೆಯಲ್ಲಿ ಕೈಕೊಟ್ಟ ವಿಷಯ ಈಗ ನೇರ ನನ್ನ ತಲೆಯ ಮೇಲೆಯೇ ಬಂದು ಸಂಸಾರ ಹೂಡಿತ್ತು. ಕೆಳಗೆ ನಾನು ಮೊಳೆ ತೂಗುತ್ತಿದ್ದರೆ ಮೇಲಿಂದ ಬಲ, ಚಲನೆ, ಜಡತ್ವ, ಘರ್ಷಣೆ ಎಂಬ ಮಾತುಗಳು ಹಲಗೆಯ ಸಂದಿಯಿಂದ ಉದುರುತ್ತಿದ್ದವು.

ಉದುರುತ್ತಿದ್ದದ್ದು ಮಾತುಗಳಷ್ಟೇ ಅಲ್ಲ. ನಮ್ಮ ಅಂಗಡಿಯದೇ ಒಂದು ದೊಡ್ಡ ತೂಕದ ಕಲ್ಲನ್ನು ಅವರು ಒಯ್ದಿದ್ದರು. ಅದನ್ನು ದಾರದಿಂದ ತೊಲೆಗೆ ತೂಗುಹಾಕಿ, ಕಲ್ಲಿನ ಕೆಳಗೆ ಅಂಥದೇ ಇನ್ನೊಂದು ದಾರ ಕಟ್ಟುತ್ತಿದ್ದರು. "ಕೆಳಗಿನ ದಾರ ಜಗ್ಗತೀನಿ. ಯಾವುದು ಹರೀತೈತಿ, ಮ್ಯಾಲಿನದೋ ಕೆಳಗಿನದೋ?" ಮಕ್ಕಳು ಎರಡು ಪಕ್ಷವಾಗಿ ಕೂಗಾಡುತ್ತಿದ್ದರು. ಮಾಸ್ತರರು ನಿಧಾನವಾಗಿ ಜಗ್ಗಿದರೆ ಮೇಲಿನ ದಾರ ಹರಿದು ಕಲ್ಲು ಧೊಪ್ಪೆಂದು ಬೀಳುತ್ತಿತ್ತು. ಮತ್ತೆ ಕಟ್ಟಿ, ಗಪ್ಪನೆ ಒಂದು ಜಗ್ಗು ಕೊಟ್ಟರೆ ಕೆಳಗಿನದು ಹರಿದು, ಕಲ್ಲು ಏನೂ ಆಗದವರ ಹಾಗೆ ತೂಗುತ್ತ ನಿಲ್ಲುತ್ತಿತ್ತು.

"ಸಾವಕಾಶ ಜಗ್ಗಿದರ ಕಲ್ಲಿನ ಭಾರಾ, ನನ್ನ ಜಗ್ಗು, ಎರಡೂ ಮ್ಯಾಲಿನ ದಾರದ ಮ್ಯಾಲೆ ಬೀಳತಾವ. ಗಪ್ಪನ ಜಗ್ಗಿದರ ಕಲ್ಲಿಗೆ ಹಂದಾಡಾಕ ಪುರಸೊತ್ತ ಇಲ್ಲ. ಅದು ಮೈಗಳ್ಳ, ಎಬ್ಬಿಸಿದ ಕೂಡಲೇ ಏಳಂಗಿಲ್ಲ. ಅದಕ್ಕs ಜಡತ್ವ ಅಂತಾರ."

ಕಲ್ಲು ಬಿದ್ದಾಗಲೆಲ್ಲ ಅಡಿಗೆಮನೆಯಲ್ಲಿ ಮಣ್ಣು ಉದುರಿ ಅವ್ವ ಅಂಗಳಕ್ಕೆ ಬಂದು ಕೂಗುತ್ತಿದ್ದಳು: "ಮಾಸ್ತರ, ನಮ್ಮ ಮಾಡಿ ಬೀಳೂದು ಎಷ್ಟನೇ ನಿಯಮರೀ?"

"ಅದಕ್ಕ ನಿಯಮ ಬೇಕಾಗಿಲ್ರಿ ಅವ್ವಾರ. ನಿಮ್ಮ ತೊಲಿ ನೋಡಿದರ ತಾನಾಗೇ ಬೀಳತೈತಿ."

ಒಮ್ಮೆ ಅವರು ನನಗೂ ಒಂದು ಪಾಠ ಹೇಳಿದ್ದರು. ಒಂದು ವಸ್ತು ಅಲುಗದೆ ನಿಂತಿದೆ ಎಂದರೆ ಅದನ್ನು ಯಾರೂ ಜಗ್ಗುತ್ತಿಲ್ಲ ಎಂದಲ್ಲ, ಎರಡೂ ಕಡೆಯವರು ಸಮಸಮ ಜಗ್ಗುತ್ತಿರಬಹುದು ಎಂದು. ನನ್ನ ಜೀವನಚರಿತ್ರೆಯನ್ನು ಯಾರೂ ಅಷ್ಟು ಚುಟುಕಾಗಿ ಹೇಳಿರಲಿಲ್ಲ. ಆ ಕಡೆಯಿಂದ ಒಂದು ಚಿಂತೆ, ಈ ಕಡೆಯಿಂದ ಒಂದು ಚಿಂತೆ. ಜನ ನನ್ನನ್ನು ನೋಡಿ "ಭಾಳ ಶಾಂತ ಹುಡುಗ" ಎನ್ನುತ್ತಿದ್ದರು.

ಮಾಸ್ತರರ ಹಳ್ಳಿ ಅಕ್ಕಲಕೋಟೆಯ ದಾರಿಯಲ್ಲಿ, ಕುಂಭಾರಿ ದಾಟಿ ಒಳಗೆ. ಕುರಿ ಸಾಕುವ ಮನೆತನ. ಅಲ್ಲಿ ಚಂಪಾಷಷ್ಠಿಯ ದಿನ ಮೈಲಾರನ ಗುಡಿಯ ಮುಂದೆ ಸರಪಳಿ ಪವಾಡ ಆಗುತ್ತಿತ್ತು. ನೆಲಕ್ಕೆ ಹುಗಿದ ಒಂದು ಗೂಟಕ್ಕೆ ಕಬ್ಬಿಣದ ಸರಪಳಿ ಕಟ್ಟುತ್ತಾರೆ. ಆ ಮಾನ ಯಾವ ಮನೆಯದೋ ಆ ಮನೆಯ ಗಂಡಸು ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಂಡು ಜಗ್ಗಿ ಹರಿಯಬೇಕು. ಒಂದೇ ಜಗ್ಗು, ಎರಡನೆಯದಕ್ಕೆ ಅವಕಾಶವಿಲ್ಲ. ಹರಿದರೆ ದೇವರು ಒಲಿದ. ಹರಿಯದಿದ್ದರೆ ಮಾನ ಮುಂದಿನ ಮನೆಗೆ. ಮಾಸ್ತರರ ತಂದೆ ಎಷ್ಟೋ ವರ್ಷ ಬಿಡದೆ ಹರಿದಿದ್ದರು. ತೊಲೆಯಂಥ ತೋಳಿನ ಮುದುಕರು. ಮಗ ಕುರಿ ಬಿಟ್ಟು ಸೀಮೆಸುಣ್ಣ ಹಿಡಿದದ್ದು ಅವರಿಗೆ ಸೇರಿರಲಿಲ್ಲ. "ಬರಿಯೂ ಖಡು ಹಿಡಿಯೂ ಕೈಲೆ ಏನ್ ಆಗತೈತಿ" ಎನ್ನುತ್ತಿದ್ದರಂತೆ.

ಆ ವರ್ಷ ಎರಡು ಸಂಗತಿ ಬೆನ್ನು ಬೆನ್ನಿಗೆ ನಡೆದವು. ಶಾಲೆಯಲ್ಲಿ ಜಡತ್ವದ ಪಾಠ ಮಾಡುವಾಗ ಮಾಸ್ತರರು, ನಮ್ಮೂರ ಸರಪಳಿ ಹರಿಯುವುದೂ ಈ ಗಪ್ಪನ ಜಗ್ಗಿನಿಂದಲೇ ಎಂದುಬಿಟ್ಟರು. ಮಕ್ಕಳ ಬಾಯಿಂದ ಅದು ಊರು ಮುಟ್ಟುವಾಗ, "ಮಾಸ್ತರ ಮೈಲಾರನ್ನ ಸುಳ್ಳ ಅಂದಾನ" ಎಂದಾಗಿತ್ತು. ತಿಂಗಳು ಕಳೆದಿರಲಿಲ್ಲ, ಮುದುಕರಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಹೋದವು.

ಒಂದು ಸಂಜೆ ಮಾಸ್ತರರು ಮೊಳೆಯ ಪೆಟ್ಟಿಗೆಯ ಮೇಲೆ ಬಂದು ಕೂತರು. ಮಕ್ಕಳನ್ನು ಅಂದು ಮನೆಗೆ ಕಳಿಸಿದ್ದರು.

"ಅಪ್ಪ ನನ್ನ ಕಡೆ ಮಾರಿ ಮಾಡವಲ್ಲ. ನೀ ಬಾಯಿ ಬಿಟ್ಟದ್ದಕ್ಕ ಮೈಲಾರ ನನ್ನ ಕೈ ಕಸಗೊಂಡ ಅಂತಾನ. ಈ ಸಲ ಪವಾಡ ನಂದs. ಹರಿದರ ದೇವರ ಸಿಟ್ಟು ಇಳೀತು ಅಂತ ಅಂವಗ ಸಮಾಧಾನ. ಹರೀಲಿಲ್ಲ ಅಂದರ..."

"ನಿಮಗ ಆ ಸಿಟ್ಟಿನ ಮ್ಯಾಲೆ ನಂಬಿಗಿ ಐತೇನ್ರಿ?" ಎಂದೆ.

"ನನಗಿಲ್ಲ. ಅಪ್ಪಗೈತಿ. ಹಾಸಿಗಿ ಹಿಡಿದಂವ ಅಂವ, ನಾನಲ್ಲಲ್ಲ."

ಅಂದಿನಿಂದ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮಾಸ್ತರರಿಗೆ ಬರುತ್ತಿತ್ತೋ ಏನೋ, ಅವರು ಮಾಡಿಯ ಮೇಲೆ ತಾಲೀಮು ನಡೆಸಿದ್ದರು. ಹಗ್ಗವನ್ನು ಒಂದಿಷ್ಟು ಸಡಿಲ ಬಿಟ್ಟು, ಮೈಯ ಭಾರವನ್ನೆಲ್ಲ ಹಿಂದಕ್ಕೆ ಚೆಲ್ಲಿ, ಆ ಸಡಿಲು ಮುಗಿಯುವ ಕ್ಷಣಕ್ಕೆ ಸರಿಯಾಗಿ ಝಟ್ಟನೆ ಜಗ್ಗುವುದು. ತೋಳಿನ ಬಲ ಕಡಿಮೆಯಿದ್ದವನು ವೇಗದಿಂದ ತುಂಬಿಕೊಳ್ಳಬೇಕು, ನಿಲ್ಲಿಸುವ ಹೊತ್ತು ಎಷ್ಟು ಸಣ್ಣದೋ ಪೆಟ್ಟು ಅಷ್ಟು ದೊಡ್ಡದು ಎನ್ನುತ್ತಿದ್ದರು. ಒಮ್ಮೆ ಅವ್ವನ ಬಟ್ಟೆ ಹಾಕುವ ಹಗ್ಗವೇ ಹರಿದು, ಒದ್ದೆ ಸೀರೆಗಳು ಅಂಗಡಿಯ ಫಲಕದ ಮೇಲೆ ಬಂದು ಬಿದ್ದವು. ಅವ್ವ ಒಂದು ದಿನ ಚಹಾ ಕಳಿಸಲಿಲ್ಲ.

ಇಷ್ಟರೊಳಗೆ ನಮ್ಮ ಅಪ್ಪನ ಭಕ್ತಿ ಜಾಗೃತವಾಯಿತು. ಮಾಸ್ತರರ ಊರಿನ ಕಮ್ಮಾರ ಪ್ರತಿವರ್ಷ ಪವಾಡದ ಸರಪಳಿ ಮಾಡಿಕೊಡುತ್ತಿದ್ದ. ಕೊಂಡಿಯ ತುದಿಗಳನ್ನು ಬಗ್ಗಿಸಿ ಬಡಿದು ಕೂಡಿಸುವ ಹಳೇ ನಮೂನೆ. ಅವನು ಆ ವರ್ಷ ಕುಲುಮೆ ಮುಚ್ಚಿ ಗಿರಣಿ ಕೆಲಸಕ್ಕೆ ಸೇರಿದ್ದ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅಪ್ಪ, "ದೇವರ ಸರಪಳಿ ನಮ್ಮ ಅಂಗಡೀದು" ಎಂದು ಹೇಳಿಕಳಿಸಿದ. ವ್ಯಾಪಾರಿಯ ಭಕ್ತಿಗೆ ಒಂದು ಪದ್ಧತಿಯಿದೆ. ದೇವರಿಗೆ ಹಲಕಾ ಮಾಲು ಕೊಡಬಾರದು. ತೆಂಗಿನಕಾಯಿ ಆರಿಸಿದಂತೆ ಅಪ್ಪ ಸರಪಳಿ ಆರಿಸಿದ. ಕೊಂಡಿ ಕೊಂಡಿಗೂ ವೆಲ್ಡಿಂಗ್ ಆದದ್ದು, ಲಾರಿಯವರು ಒಯ್ಯುವಂಥದ್ದು.

ನಾನು ಹೌಹಾರಿದೆ. "ಅಪ್ಪಾ, ಅದು ಹರೀಬೇಕಲ್ಲ?"

"ಹರಿಯಾಂವ ಮೈಲಾರ. ನಿಂದೇನ ಹೋಗತೈತಿ?"

"ಮೈಲಾರ ಅಲ್ಲಪಾ, ಮಾಡಿ ಮ್ಯಾಲಿನ ಮಾಸ್ತರ ಹರಿಯಾವ್ರು!"

"ದೇವರ ಕೆಲಸಕ್ಕ ಮುರಕ ಮಾಲು ಕೊಟ್ಟು ನಾಳೆ ಮ್ಯಾಲೆ ಹೋಗಿ ಏನಂತ ಹೇಳಲಿ? ಸುಮ್ಮನ ಕೂಡು."

ಹಾರ ಹಾಕಿಸಿ, ಆ ಊರಿನ ಹಾಲಿನ ಟೆಂಪೋದಲ್ಲಿ ಕಳಿಸಿಯೇಬಿಟ್ಟ. ಮಾಸ್ತರರು ಆಗಲೇ ಶಾಲೆಗೆ ಹೋಗಿದ್ದರು. ಸಂಜೆ ಅವರು ಮೆಟ್ಟಿಲು ಹತ್ತುವ ಮೊದಲೇ ತಡೆದು ಹೇಳಿದೆ. ಅವರು ಕೈಚೀಲವನ್ನು ಮೆಟ್ಟಿಲ ಮೇಲಿಟ್ಟರು. ಆಮೇಲೆ, "ಕೊಂಡಿ ಎಷ್ಟು ದಪ್ಪ?" ಎಂದರು. ಹೆಬ್ಬೆರಳು ತೋರಿಸಿದೆ. ನಕ್ಕರು. ಆ ನಗೆ ನನಗೆ ಸ್ವಲ್ಪವೂ ಸಮಾಧಾನ ಕೊಡಲಿಲ್ಲ.

ಚಂಪಾಷಷ್ಠಿಯ ದಿನ ಸರಪಳಿ ದಾನಿಗಳ ಪ್ರತಿನಿಧಿಯಾಗಿ ಅಪ್ಪ ನನ್ನನ್ನೂ ಕಳಿಸಿದ. ಹಾಸಿಗೆ ಹಿಡಿದ ಮುದುಕರಿಗೆಂದು ಒಂದು ದಪ್ಪ ಸೋಲಾಪುರಿ ಚಾದರ ಕೈಗೆ ಕೊಟ್ಟ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ನಾನು ಒಂದೇ ಸಮನೆ ಕಾಲು ಅಲುಗಿಸುತ್ತಿದ್ದೆ. ಚೀಲದಲ್ಲಿ ಚಾದರದ ಕೆಳಗೆ ಕಬ್ಬಿಣ ಕೊಯ್ಯುವ ಗರಗಸ ಇತ್ತು. ಅದು ನನ್ನ ಸ್ವಂತ ಭಕ್ತಿ.

"ಒಂದು ಕೊಂಡಿ, ಅರ್ಧದ ತನಕ ಕೊಯ್ದು ಬಿಡೂಣ್ರಿ," ಎಂದು ಪಿಸುಗುಟ್ಟಿದೆ. "ಮ್ಯಾಲೆ ಭಂಡಾರ ಬಡದರ ಯಾರಿಗೂ ಕಾಣಂಗಿಲ್ಲ. ಅಜ್ಜಾಗ ಸಮಾಧಾನ ಆಗತೈತಿ, ಸಾಕಲ್ಲ?"

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಜೋಳದ ಹೊಲಗಳು ಹಿಂದೆ ಹಿಂದೆ ಓಡುತ್ತಿದ್ದವು.

"ದೇವರಿಗೂ ಮೋಸ, ವಿಜ್ಞಾನಕ್ಕೂ ಮೋಸ. ಇಬ್ಬರಿಗೂ ಒಮ್ಮೆಲೇ ಮೋಸ ಮಾಡೂವಷ್ಟು ದೊಡ್ಡ ಮನಷ್ಯಾ ಅಲ್ಲೋ ತಮ್ಮಾ ನಾ. ಮುಚ್ಚಿ ಇಡು ಅದನ್ನ, ಕಂಡಕ್ಟರ್ ನೋಡ್ಯಾನು."

ಗುಡಿಯ ಮುಂದೆ ಊರೇ ನೆರೆದಿತ್ತು. ಮಾಸ್ತರರ ಮನೆ ಗುಡಿಗೆ ಎದುರೇ. ಬಾಗಿಲು ತೆರೆದಿಟ್ಟು ಹೊರಸನ್ನು ಹೊಸ್ತಿಲ ಸಮೀಪ ಎಳೆದಿದ್ದರು, ಮುದುಕರಿಗೆ ಕೇಳಲಿ ಎಂದು. ಅವರು ಗೋಡೆಯ ಕಡೆ ಮುಖ ಮಾಡಿಯೇ ಮಲಗಿದ್ದರು. ಚಾದರ ಕೊಡೋಣವೆಂದು ಹೋದೆ, ತಿರುಗಲಿಲ್ಲ. ಹಾಗೇ ಎದೆಗವಚಿಕೊಂಡು ಹೊರಗೆ ಬಂದೆ.

ಅಪ್ಪನ ಸರಪಳಿ ದೇವರ ಮುಂದೆ ಹಾರ ಹೊತ್ತು ಹೊಳೆಯುತ್ತ ಬಿದ್ದಿತ್ತು. ಪೂಜೆ ಆಗಿಹೋಗಿತ್ತು, ಬದಲಿಸುವ ಮಾತಿಲ್ಲ. ಮಾನಕ್ಕಾಗಿ ಕಾದಿದ್ದ ಮಾಸ್ತರರ ದಾಯಾದಿ ಅಣ್ಣ ಅದನ್ನು ಕೈಯಲ್ಲಿ ತೂಗಿ ನೋಡಿ, "ಸೋಲಾಪುರದ ಸಾವಕಾರರು ದೇವರಿಗೆ ಕೊಟ್ಟಾರೋ, ಆನಿಗೆ ಕೊಟ್ಟಾರೋ?" ಎಂದ. ಜನ ನಕ್ಕರು. ನಾನು ಸಾಹುಕಾರರ ಮಗನೆಂದು ಯಾರಿಗೂ ಗೊತ್ತಾಗದಿರಲಿ ಎಂದು ಚಾದರದ ಹಿಂದೆ ಮುಖ ಮರೆಮಾಡಿದೆ.

"ಯಾಕ ಮಾಸ್ತರ, ಪುಸ್ತಕ ತಂದಿಲ್ಲೇನು?" ದಾಯಾದಿ ಬಿಡಲಿಲ್ಲ.

"ಪುಸ್ತಕದಾಗ ಈ ನಮೂನಿ ಸರಪಳಿ ಇಲ್ಲೋ ಅಣ್ಣಾ," ಎಂದರು ಮಾಸ್ತರರು. ಅಂಗಿ ಕಳೆದು ನಿಂತಾಗ ಅವರ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಹಣೆಗೆ ಭಂಡಾರದ ಅರಿಶಿನ ಬಳಿದರು. ಡೊಳ್ಳು ಜೋರಾಯಿತು. ಅವರು ತುದಿಯನ್ನು ಕೈಗೆ ಸುತ್ತಿಕೊಂಡು, ಸರಪಳಿಯನ್ನು ಸಡಿಲ ಬಿಟ್ಟು, ಎರಡು ಹೆಜ್ಜೆ ಗೂಟದ ಕಡೆಗೇ ಸರಿದರು. ನಾನು ನನಗೆ ತಿಳಿದಷ್ಟು ಲೆಕ್ಕ ಹಾಕಿ, ಅವರು ಬಿದ್ದರೆ ಎಲ್ಲಿ ಬಿದ್ದಾರು ಎಂದು ಊಹಿಸಿ, ಅವರ ಬೆನ್ನ ಹಿಂದೆ ಹೋಗಿ ನಿಂತೆ. ಬೇರೆ ಯಾರಿಗೂ ಆ ವಿಚಾರ ಬಂದಿರಲಿಲ್ಲ. ಅವರೆಲ್ಲ ಧೈರ್ಯವಂತರು.

ಮೈಯೆಲ್ಲ ಹಿಂದಕ್ಕೆ ಚಿಮ್ಮಿತು. ಸಡಿಲು ಮುಗಿಯಿತು. ಅಂಥ ಸದ್ದು ನಾನು ಮತ್ತೆ ಕೇಳಿಲ್ಲ... ಧಡ್ ಎಂದಿತು. ಮರುಗಳಿಗೆಯಲ್ಲಿ ಮಾಸ್ತರರು ನನ್ನ ಮೇಲಿದ್ದರು, ನಾನು ನೆಲದ ಮೇಲಿದ್ದೆ, ನಮ್ಮಿಬ್ಬರ ನಡುವೆ ಸೋಲಾಪುರಿ ಚಾದರವಿತ್ತು. ಬೀಳುವವನಿಗೆ ನಿಲ್ಲಲು ಒಂದಿಷ್ಟು ಹೆಚ್ಚು ಹೊತ್ತು ಸಿಕ್ಕರೆ ಪೆಟ್ಟು ಕಡಿಮೆ ಎನ್ನುವುದು ನಾನು ನಪಾಸಾದ ಪತ್ರಿಕೆಯಲ್ಲೇ ಇದ್ದ ಪ್ರಶ್ನೆ. ನನ್ನ ಚಿಂತೆ ಯಾರಿಗಾದರೂ ಉಪಯೋಗವಾದದ್ದು ಆಯುಷ್ಯದಲ್ಲಿ ಅದೊಂದೇ ಸಲ ಇರಬೇಕು.

"ಏಳ್ಕೋಟಿ ಏಳ್ಕೋಟಿಗೋ!" ಜನ ಕೂಗಿದರು, ಭಂಡಾರ ಎರಚಿದರು. ಗಾಳಿಯೆಲ್ಲ ಹಳದಿ. ಏನು ಹರಿಯಿತು ಎಂದು ಯಾರಿಗೂ ಕಾಣುತ್ತಿರಲಿಲ್ಲ. ಮಾಸ್ತರರು ಸರಪಳಿಯ ಸಮೇತ ಬಿದ್ದದ್ದನ್ನು ನೋಡಿ ಎಲ್ಲರೂ ಪವಾಡವಾಯಿತೆಂದೇ ತಿಳಿದಿದ್ದರು. ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಸರಪಳಿಯನ್ನು ಸುತ್ತಿ ಗುಡಿಯೊಳಗೆ ಒಯ್ದಿದ್ದರೆ ಸಾಕಿತ್ತು. ನಾನು ಅವರ ಕಿವಿಯಲ್ಲಿ ಅದನ್ನೇ ಅಂದೆ ಕೂಡ.

ಅವರು ಎದ್ದು ನಿಂತರು. ಬಲಗೈ ಮೇಲೇಳಲಿಲ್ಲ, ಎಡಗೈಯಿಂದ ಸರಪಳಿ ಎತ್ತಿ ತೋರಿಸಿದರು. ಒಂದು ಕೊಂಡಿಯೂ ಬಿಟ್ಟಿರಲಿಲ್ಲ. ಇನ್ನೊಂದು ತುದಿಗೆ ಹಸಿಮಣ್ಣು ಮೆತ್ತಿದ ಗೂಟ ಜೋತಾಡುತ್ತಿತ್ತು.

"ಹರೀಲಿಲ್ರಿ. ಗೂಟ ಕಿತ್ತು ಬಂದೈತಿ."

ಡೊಳ್ಳು ನಿಂತಿತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಇಂಥದು ಹಿಂದೆ ಆದದ್ದಿಲ್ಲ. ದಾಯಾದಿ ಮಾತ್ರ ತಡಮಾಡಲಿಲ್ಲ. "ಗೂಟ ಕೀಳೂದು ಪವಾಡ ಅಂದರ ನಮ್ಮ ಎಮ್ಮಿ ದಿನಾ ಮಾಡತೈತಿ!" ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ಕಡೆಗೆ ಹಿರಿಯರು, ಹರಿಯಲಿಲ್ಲ ಎಂದರೆ ಹರಿಯಲಿಲ್ಲ, ಮಾನ ಮುಂದಿನ ಮನೆಗೆ ಎಂದರು. ಮಾಸ್ತರರು ತಲೆಯಾಡಿಸಿ ನೇರ ಮನೆಯ ಕಡೆ ನಡೆದರು. ಬೇಡವೆಂದರೂ ನನ್ನ ಕಾಲುಗಳು ಹಿಂದೆ ಹೋದವು.

ಏಳ್ಕೋಟಿಯ ಕೂಗು ಕೇಳಿ ಮುದುಕರು ಮುಖ ತಿರುಗಿಸಿದ್ದರು. ಎಷ್ಟೋ ದಿನಗಳ ಮೇಲೆ. ಕಣ್ಣಲ್ಲಿ ನೀರಿತ್ತು. "ಹರೀತೇನೋ?" ಎಂದರು. ಲಕ್ವಾದಿಂದ ಮಾತು ತೊದಲುತ್ತಿತ್ತು.

ಈಗಲಾದರೂ ಹೂಂ ಅನ್ನಿ ಎಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ.

"ಇಲ್ಲಪಾ. ಹರೀಲಿಲ್ಲ. ಗೂಟ ಕಿತ್ತು ಬಂತು."

ಮುದುಕರು ಮಗನನ್ನು ನೋಡುತ್ತಲೇ ಇದ್ದರು. ಈಗ ಗೋಡೆಯ ಕಡೆ ತಿರುಗುತ್ತಾರೆ, ಇನ್ನು ಈ ಜನ್ಮಕ್ಕೆ ಇತ್ತ ನೋಡುವುದಿಲ್ಲ ಎಂದುಕೊಂಡೆ.

"ಯಾವ ಗೂಟ?"

"ಅದs ಅಪ್ಪಾ, ಗುಡಿ ಮುಂದಿಂದು."

"ಜಾಲೀದು?"

"ಹೂಂ."

"ಅದನ್ನ ಹುಗದಾಂವ ನಾನು," ಎಂದರು ಮುದುಕರು. "ಎರಡ ಮೊಳ ಆಳ. ಸುತ್ತಲೂ ಕಲ್ಲ ಜಡದು. ಎತ್ತ ಕಟ್ಟಿದರೂ ಅಳಗಾಡಿಲ್ಲ ಅದು." ಎಡಗೈ ಚಾಚಿ ಮಗನ ರಟ್ಟೆ ಹಿಡಿದರು, ಕುರಿ ಕೊಳ್ಳುವವರು ಹಿಡಿದು ನೋಡುವ ಹಾಗೆ. "ಅದನ್ನ ಕಿತ್ತೇನ? ಈ ಕೈಲೆ?... ನನ್ನ ಕೈಲೆ ಆಗತಿರಲಿಲ್ಲ ಬಿಡು."

ಅಷ್ಟೇ. ದೇವರ ಮಾತು ಬರಲಿಲ್ಲ, ಸಿಟ್ಟಿನ ಮಾತೂ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿ, "ಅದೇನದು ಚಾದರ, ತಾ ಇಲ್ಲಿ, ಥಂಡಿ ಐತಿ" ಎಂದರು.

ಮರಳುವ ಬಸ್ಸಿನಲ್ಲಿ ಮಾಸ್ತರರು ಹೆಗಲಿಗೆ ಅರಿಶಿನದ ಪಟ್ಟು ಕಟ್ಟಿಸಿಕೊಂಡು ಕೂತಿದ್ದರು. ನಾನು ತಡೆಯಲಾರದೆ ಕೇಳಿದೆ, ಮಾನ ಹೋಯಿತಲ್ಲ, ಒಂದು ಕೊಂಡಿ ಕೊಯ್ದಿದ್ದರೆ ಎಷ್ಟು ಚಂದ ಇರುತ್ತಿತ್ತು ಎಂದು.

"ನಾ ಬರೇ ಸರಪಳಿ ಲೆಕ್ಕಾ ಮಾಡಿದ್ದೆ," ಎಂದರು. "ನಾ ಈ ತುದಿ ಜಗ್ಗಿದರ ಅದು ಆ ತುದೀಗೆ ಗೂಟಾನೂ ಅಷ್ಟs ಜೋರಲೆ ಜಗ್ಗತೈತಿ ಅನ್ನೂದು ಮಕ್ಕಳಿಗೆ ಹೇಳಿ ಹೇಳಿ, ನಾನs ಮರತೆ. ಯಾವುದು ಸೋಲತೈತೋ ಅದು ಬರತೈತಿ." ಕುಂಭಾರಿ ಹಿಂದೆ ಬಿದ್ದ ಮೇಲೆ ಮತ್ತೆ ಬಾಯಿ ತೆರೆದರು. "ಸರಪಳಿ ಹರಿದಿದ್ದರ ಅಪ್ಪ ಮೈಲಾರನ್ನ ಹೊಗಳತಿದ್ದ. ಈಗ ನನ್ನ ಹೊಗಳಿದ. ನನಗ ಮೂವತ್ತೈದ ವರ್ಷ ಆತಲ್ಲೋ ತಮ್ಮಾ..." ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಗಾಳಿಗೆ ಕಣ್ಣಲ್ಲಿ ನೀರು ಬರುತ್ತದೆ, ನಿಜ. ಆದರೆ ಕಿಟಕಿ ಮುಚ್ಚಿತ್ತು.

ಮುದುಕರು ಮುಂದಿನ ಮಳೆಗಾಲ ನೋಡಲಿಲ್ಲ. ಕೆಲವು ವರ್ಷಗಳ ಮೇಲೆ ಮಾಸ್ತರರು ಅಕ್ಕಲಕೋಟೆಯಲ್ಲೇ ಮನೆ ಮಾಡಿದರು. ಅವರ ಬಲಗೈ ಕಡೆಯವರೆಗೂ ಹೆಗಲಿಗಿಂತ ಮೇಲೆ ಏಳಲಿಲ್ಲವಂತೆ, ಹಲಗೆಯ ಕೆಳಗಿನ ಅರ್ಧದಲ್ಲಷ್ಟೇ ಬರೆಯುತ್ತಿದ್ದರಂತೆ. ನಾನು ಹೋಗಿ ಕಾಣಬೇಕೆಂದು ಪ್ರತಿ ಚಳಿಗಾಲ ಅಂದುಕೊಳ್ಳುತ್ತಿದ್ದೆ. ಬಸ್ಸು ಸಿಕ್ಕೀತೋ, ಅವರು ಮನೆಯಲ್ಲಿರುತ್ತಾರೋ, ಗುರುತು ಹಿಡಿದಾರೋ... ಎರಡೂ ಕಡೆ ಸಮಸಮ ಜಗ್ಗಾಟ. ಹೋದ ವರ್ಷ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಯಾವುದೋ ಗ್ರೂಪಿನಲ್ಲಿ ಮರಾಠಿಯಲ್ಲಿ ಬಂತು, ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. ಅವರ ಶಾಲೆಯ ಕನ್ನಡ ವರ್ಗಗಳಿಗೆ ಈಗ ಬೆರಳೆಣಿಕೆಯ ಮಕ್ಕಳು ಎನ್ನುತ್ತಾರೆ. ಜಡತ್ವ ಎಂಬ ಶಬ್ದ ಕೇಳಿದರೆ ನನಗೆ ಅವರದೇ ದನಿ. ಇನ್ನು ಆ ದನಿ ನನ್ನ ತಲೆಯೊಳಗೆ ಮಾತ್ರ.

ಇದನ್ನೆಲ್ಲ ಮೆಲುಕು ಹಾಕುತ್ತ ಮೊನ್ನೆ ಸಂಜೆ ಗೋದಾಮಿಗೆ ಹೋದೆ. ಈಗ ಅಂಗಡಿ ನೋಡಿಕೊಳ್ಳುವ ನನ್ನ ಮಗ, ಎರಡು ದಿನ ಹಮಾಲರ ಜೊತೆ ತಾನೂ ಎತ್ತಿ ಇಳಿಸಿ, ಇಡೀ ಗೋದಾಮನ್ನು ಹೊಸದಾಗಿ ಜೋಡಿಸಿದ್ದ. ನಾನು ಹೋದದ್ದು ತಪ್ಪು ಹುಡುಕಲು. ಭಾರದ ಪೈಪು ಮೇಲಿಟ್ಟಿರುತ್ತಾನೆ, ಯಾರ ತಲೆಯ ಮೇಲಾದರೂ ಬಿದ್ದರೆ ಎಂದು ದಾರಿಯುದ್ದಕ್ಕೂ ಚಿಂತಿಸಿದ್ದೆ. ಭಾರದ್ದೆಲ್ಲ ಕೆಳಗೇ ಇತ್ತು. ಹಗುರದ್ದು ಮೇಲೆ. ದಾರಿ ಅಗಲವಾಗಿತ್ತು. ಒಂದು ಪೈಪನ್ನು ಜಗ್ಗಿ ನೋಡಿದೆ, ಅಲುಗಲಿಲ್ಲ.

"ಚಂದ ಮಾಡೀದಿ," ಎಂದೆ. "ನನ್ನ ಕೈಲೆ ಆಗತಿರಲಿಲ್ಲ."

ಮಗ ಫೋನಿನಿಂದ ತಲೆಯೆತ್ತಿದ. ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ಗಾಬರಿಯಿಂದ ಹತ್ತಿರ ಬಂದ. "ಪಪ್ಪಾ, ತಬ್ಯೇತ್ ಬರಿ ಆಹೇ ನಾ?" ಎಂದು ಮರಾಠಿಯಲ್ಲಿ ಕೇಳಿದ. ಆರೋಗ್ಯ ನೆಟ್ಟಗಿದೆ ತಾನೆ ಎಂದು. ಹಣೆ ಮುಟ್ಟಿಯೂ ನೋಡಿದ. ಚಿಂತೆ ಮಾಡುವ ಗುಣ ಮನೆತನದಲ್ಲೇ ಉಳಿಯುತ್ತದೆ, ಅದರ ಚಿಂತೆಯಿಲ್ಲ.

ನನಗೆ ನಗು ಬಂತು. ಇದನ್ನು ಈಗಿಂದೀಗಲೇ ಹೇಳಬೇಕೆನ್ನಿಸಿ ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಮಾಡಿಯ ಮೆಟ್ಟಿಲು ಹತ್ತತೊಡಗಿದೆ. ಅರ್ಧ ಹತ್ತಿದ ಮೇಲೆ, ಮೇಲೆ ಯಾರೂ ಇಲ್ಲ ಎಂಬುದು ನೆನಪಾಯಿತು.